ರುಬಿಯಾನ ಖಾತೆಯ ಕೀಲಿ

ಶಲವಡಿಯಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟಿರುವ ಸರ್ಫರಾಜನಿಗೆ ಸಿಟ್ಟು ಮೂಗಿನ ತುದಿಯಲ್ಲೇ. ಮೊದಲು ಕೈ, ಆಮೇಲೆ ಮಾತು. ತನ್ನ ಮದುವೆಯಲ್ಲೇ ಬೀಗರ ಹಲ್ಲು ಉದುರಿಸಿದ ಭೂಪ. ಇಂಥವನನ್ನು ಗದರಿಸಿ ಕೂಡ್ರಿಸುವ ಎದೆ ಊರಿನಲ್ಲಿ ಒಬ್ಬಳಿಗೇ ಇತ್ತು, ತಂಗಿ ರುಬಿಯಾಳಿಗೆ.

ಆಕೆ ಮಾಂತೇಶನ ಝೆರಾಕ್ಸ್ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಮನೆಯ ಹಳೇ ಕಂಪ್ಯೂಟರ್ ಖಾಲಿ ಕೂತ ಹೊತ್ತನ್ನು ಎಲ್ಲೋ ದೂರದ ವಿಜ್ಞಾನಿಗಳಿಗೆ ಬಿಟ್ಟುಕೊಟ್ಟಿದ್ದಳು. ರೋಗಕ್ಕೆ ಔಷಧಿ ಹುಡುಕುವ ದೊಡ್ಡ ಲೆಕ್ಕವಂತೆ, ತುಣುಕು ತುಣುಕಾಗಿ ಜಗತ್ತಿನ ಜನರ ಕಂಪ್ಯೂಟರುಗಳಿಗೆ ಬರುತ್ತದಂತೆ. ಕೂಲಿಯಿಲ್ಲ, ಮಾಡಿದಷ್ಟಕ್ಕೆ ಹೆಸರಿನ ಮುಂದೆ ಅಂಕ ಏರುತ್ತವೆ, ಅಷ್ಟೇ. ಶುಕ್ರವಾರಕ್ಕೊಮ್ಮೆ ಆ ಅಂಕ ತೋರಿಸಿದರೆ ತಾಯಿ ಜಮಾಲಬಿ ಮಗಳ ಗಲ್ಲ ಹಿಡಿದು ಹಿಗ್ಗುತ್ತಿದ್ದಳು.

ಹೋದ ವರ್ಷ ರುಬಿಯಾಳಿಗೆ ಜ್ವರ ನೆತ್ತಿಗೇರಿತು. ಮಾಂತೇಶ ತನ್ನ ಕಾರಿನಲ್ಲಿ ಅಣ್ಣ ತಂಗಿಯನ್ನು ಕೂಡ್ರಿಸಿಕೊಂಡು ಹುಬ್ಬಳ್ಳಿಯ ಆಸ್ಪತ್ರೆಗೆ ಹೊರಟ. ಹತ್ತಿ ಹೇರಿದ ಟ್ರ್ಯಾಕ್ಟರ್ ಅಡ್ಡ ಮಗುಚಿ ದಾರಿ ಕಟ್ಟಿತು. ಮುಟ್ಟುವಷ್ಟರಲ್ಲಿ ಆಕೆಯ ಉಸಿರು ನಿಂತಿತ್ತು. ತಡವಾದದ್ದು ಇವನಿಂದಲೇ ಎಂಬಂತೆ ಸರ್ಫರಾಜ ಕಾರಿನ ಡಿಕ್ಕಿಯಿಂದ ಜ್ಯಾಕಿನ ರಾಡು ಎಳೆದು, ತಂಗಿಯ ಹೆಣದ ಮುಂದೆಯೇ ಮಾಂತೇಶನ ಎಡಗೈ ಎರಡು ಕಡೆ ಮುರಿದ. ಮನೆಗೆ ಬಂದವನು ಕಂಪ್ಯೂಟರನ್ನು ಒದ್ದು ಕೆಡವಿ ಚೂರು ಮಾಡಿದ. ಆಕೆಯ ಮೊಬೈಲ್ ರಿಂಗಾಯಿತೆಂದು ಅದನ್ನೂ ಸುತ್ತಿಗೆಯಿಂದ ಸಿಮ್ ಸಮೇತ ಪುಡಿ ಮಾಡಿದ. ಅವನ ಕೈ ಸೇದಿಹೋಗಲಿ ಎಂದು ಶಪಿಸದವರು ಊರಲ್ಲಿರಲಿಲ್ಲ.

ಈ ರಂಜಾನ್ ಮುಗಿದ ಮೇಲೆ ಜಮಾಲಬಿ ಕೇಳಿದಳು: "ನಮ್ಮ ರುಬಿಯಾನ ಹೆಸರು ಆ ಅಂಕದ ಲೆಕ್ಕದಾಗ ಇನ್ನೂ ಐತೇನ್ ಬೇಟಾ, ಇಲ್ಲಾ ಅಳಿಸಿಬಿಟ್ರು?"

ಸರ್ಫರಾಜ ತನ್ನ ಫೋನಿನಲ್ಲಿ ನೋಡಹೋದರೆ ಪಾಸ್‌ವರ್ಡ್ ಕೇಳಿತು. ಮರೆತೆ ಎಂದು ಒತ್ತಿದ. ಹೊಸದು ಇಡಲು ಅವರು ಕಳಿಸುವ ಪತ್ರ ಹೋಗುವುದು ರುಬಿಯಾಳ ಇಮೇಲಿಗೆ, ಆ ಇಮೇಲ್ ತೆರೆಯುವ ಒಟಿಪಿ ನಂಬರು ಬರುವುದು ಪುಡಿಯಾದ ಸಿಮ್ಮಿಗೆ. ತಾಯಿ ಹಾಲಿನ ಲೆಕ್ಕ ಗೀಚುತ್ತಿದ್ದ ಗೋಡೆಯ ಮೇಲೇ ರುಬಿಯಾ ತನ್ನ ಪಾಸ್‌ವರ್ಡುಗಳನ್ನೂ ಪೆನ್ಸಿಲಿನಿಂದ ಬರೆದಿಡುತ್ತಿದ್ದಳು. ಆ ಗೋಡೆಗೆ ಹಬ್ಬದ ಸುಣ್ಣ ಬಳಿದವನೂ ಇವನೇ. ಕಳೆ ತೆಗೆಯುವ ಕುರಪಿ ಹಿಡಿದು ಕೆರೆದ. ಸುಣ್ಣದ ಜೊತೆ ಬರಹವೂ ಚಕ್ಕೆಯಾಗಿ ಕಿತ್ತು ಬಂತು. ಗೋಡೆಗೆ ಗುದ್ದಿ ಗುದ್ದಿ ಬೆರಳಗಂಟು ಒಡೆದುಕೊಂಡ.

ಉಳಿದದ್ದು ಒಂದೇ ದಾರಿ. ರುಬಿಯಾ ಝೆರಾಕ್ಸ್ ಅಂಗಡಿಯ ಕಂಪ್ಯೂಟರನ್ನೂ ತನ್ನ ಖಾತೆಗೇ ಸೇರಿಸಿದ್ದಳು.

ಅಂಗಡಿಯ ಮೆಟ್ಟಿಲೇರಿದವನನ್ನು ಕಂಡು ಮಾಂತೇಶ ಎದ್ದು ಬಂದ. ಶಟರ್ ಎಳೆಯುವ ಕಬ್ಬಿಣದ ಕೊಕ್ಕೆ ಎತ್ತಿ ಭುಜಕ್ಕೆ ಬಾರಿಸಿದ. ಎರಡನೆಯದು ಕಿವಿಗೆ ಬಿತ್ತು, ರಕ್ತ ಕಾಲರಿಗಿಳಿಯಿತು. ಸರ್ಫರಾಜನ ಮುಷ್ಟಿ ಬಿಗಿಯಿತು, ಮತ್ತೆ ಬಿಚ್ಚಿತು. ಮೂರನೆಯದಕ್ಕೆ ಮೊಣಕಾಲೂರಿ ಕುಸಿದ.

"ಇನ್ನೂ ಹೊಡಿ," ಎಂದ ಸರ್ಫರಾಜ. "ಆಮ್ಯಾಲೆ ಆಕಿ ಖಾತೆ ತೆಗದ ಕೊಡು. ಅಮ್ಮಾ ಕೇಳಾಕತ್ತಾಳ."

ಮಾಂತೇಶ ಕೊಕ್ಕೆ ಬಿಸಾಕಿ ಪರದೆಯನ್ನು ಇವನತ್ತ ತಿರುಗಿಸಿದ. ರುಬಿಯಾಳ ಹೆಸರಿತ್ತು. ಅಂಕಗಳು ಹೋದ ವರ್ಷಕ್ಕಿಂತ ಎರಡು ಪಟ್ಟಾಗಿದ್ದವು.

"ಆಕಿ ಸತ್ತ ದಿನಾನೂ ನಾ ಇದನ್ನ ನಿಂದ್ರಿಸಿಲ್ಲಲೇ," ಎಂದ.

ಆ ಕಂಪ್ಯೂಟರಿನ ಒಂದು ಫೈಲಿನಲ್ಲಿ ಖಾತೆಯ ಕೀಲಿ ಇತ್ತು, ಉದ್ದನೆಯ ಅಕ್ಷರಸಾಲು. ಅದನ್ನು ಹಾಕಿದರೆ ಪಾಸ್‌ವರ್ಡ್ ಇಲ್ಲದೆಯೂ ಬಾಗಿಲು ತೆರೆಯುತ್ತದೆ. ಮಾಂತೇಶ ಬಲಗೈಯೊಂದರಿಂದಲೇ ಒತ್ತಿದ. ಎಡಗೈ ಸೊಟ್ಟಗೆ ತೊಡೆಯ ಮೇಲೆ ಬಿದ್ದಿತ್ತು. ಸರ್ಫರಾಜ ಅದನ್ನೇ ನೋಡುತ್ತಿದ್ದ.

"ಹೊಸ ಪಾಸ್‌ವರ್ಡ್ ಕೇಳಾಕತ್ತೈತಿ. ಏನ್ ಇಡೂಣು?"

ಸರ್ಫರಾಜ ಕಿವಿಯ ರಕ್ತ ಒರೆಸಿಕೊಂಡ.

"ನೀನ ಇಡು. ನನಗ ಹೇಳಬ್ಯಾಡ. ನನ್ನ ಕೈಯಾಗ ಏನೂ ಉಳಿಯೂದಿಲ್ಲ."