ನೆರೆಮನೆಯ ಹೊಸ್ತಿಲು ಇಳಿಸುವ ಝುಮ್ರೆತಾ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಸರಾಯೆವೊ ನಗರದ ಗುಡ್ಡದ ಓಣಿಯೊಂದರಲ್ಲಿ ನಡುವಯಸ್ಸಿನ ಹೆಂಗಸೊಬ್ಬರು ಗಾಲಿಕುರ್ಚಿಯಲ್ಲಿ ಕೂತು, ಮನೆಯೊಂದರ ಬಾಗಿಲಿಗೆ ಹೊಸದಾಗಿ ಹಾಕಿದ ಚಪ್ಪಡಿಯ ಇಳಿಜಾರು ಹತ್ತಲು ಹೆಣಗುತ್ತಿದ್ದಾರೆ. ಅರ್ಧ ದಾರಿಗೆ ಬಂದದ್ದೇ ಚಕ್ರ ಹಿಂದಕ್ಕೆ ಜಾರುತ್ತದೆ. ಬೆಳಗಿನ ನಮಾಜು ಮುಗಿಸಿ ಬರುತ್ತಿದ್ದ ಮುದುಕರೊಬ್ಬರು ಅಯ್ಯೋ ಪಾಪ ಎಂದು ಕೈ ಕೊಡಲು ಓಡಿಬಂದರೆ, ಈಕೆ ಕುರ್ಚಿಯಿಂದ ದಡಕ್ಕನೆ ಎದ್ದು, ಮಂಡಿಯೂರಿ, ಕಲ್ಲಿನ ಮೇಲೆ ಸೀಮೆಸುಣ್ಣದ ಗೀಟು ಎಳೆಯತೊಡಗುತ್ತಾರೆ. ಮುದುಕರು ಎದೆ ಹಿಡಿದುಕೊಳ್ಳುತ್ತಾರೆ.

"ಹೆದರ್ಬೇಡಿ ಯಜಮಾನ್ರೇ, ಪವಾಡ ಏನೂ ಆಗ್ಲಿಲ್ಲ. ಇಲ್ಲಿ ಒಂಚೂರು ಕಡಿದಾಯ್ತು, ಅಷ್ಟೇ."

ಇವರು ಝುಮ್ರೆತಾ ಸೊಫ್ತಿಚ್. ನಡೆಯಲಾಗದವರು ಯಾರ ಹಂಗೂ ಇಲ್ಲದೆ ಒಳಗೆ ಬಂದುಹೋಗುವಂತೆ ಮನೆಗಳನ್ನು ತಿದ್ದುವುದು ಇವರ ಕಸುಬು. ತಾನು ಕೂತು ಏರದ ಇಳಿಜಾರನ್ನು ಬೇರೆಯವರಿಗೆ ಕೊಡುವುದಿಲ್ಲ ಎಂಬುದು ಇವರ ನೇಮ. ಅದಕ್ಕೆಂದೇ ವ್ಯಾನಿನಲ್ಲಿ ಹಳೆಯ ಗಾಲಿಕುರ್ಚಿಯೊಂದು ಸದಾ ಇರುತ್ತದೆ. ಅದರ ಹೆಸರು ಕತ್ತೆ.

"ಕಿತ್ತು ಮತ್ತೆ ಹಾಕು ರಾಮಿಜ್," ಎನ್ನುತ್ತಾರೆ ಝುಮ್ರೆತಾ. ಗಾರೆ ಕೆಲಸದ ರಾಮಿಜ್ ಆಕಾಶ ನೋಡುತ್ತಾನೆ. ರಂಜಾನ್ ಉಪವಾಸದ ಕೊನೆಯ ವಾರ. "ಬಾಯಿ ಕಟ್ಟಿರೋ ತಿಂಗಳು. ಸಿಗರೇಟಿಲ್ಲ, ಕಾಫಿಯಿಲ್ಲ. ಮೇಲಿಂದ ಈ ಅಕ್ಕ ಹಾಕಿದ ಕಲ್ಲನ್ನೇ ಮತ್ತೆ ಕೀಳಿಸ್ತಾಳೆ. ನನಗೆ ಸ್ವರ್ಗ ಗ್ಯಾರಂಟಿ ಬಿಡಿ," ಎಂದು ಗೊಣಗುತ್ತಲೇ ಹಾರೆ ಎತ್ತಿಕೊಳ್ಳುತ್ತಾನೆ.

ಝುಮ್ರೆತಾ ಮೊದಲು ಪೀಠೋಪಕರಣದ ಕಾರ್ಖಾನೆಯೊಂದರಲ್ಲಿ ನಕ್ಷೆ ಬರೆಯುತ್ತಿದ್ದವರು. ಕಾರ್ಖಾನೆಗೆ ಬೀಗ ಬಿದ್ದ ಮೇಲೆ, ಬೀರು ಬಿಡಿಸುತ್ತಿದ್ದ ಕೈ ಬಚ್ಚಲು, ಬಾಗಿಲು, ಅಡುಗೆಕಟ್ಟೆ ಬಿಡಿಸತೊಡಗಿತು. ಕೆಲವು ವರ್ಷ ಎಲ್ಲರಂತೆ ಅಂಗವಿಕಲರ ಮನೆಗಳನ್ನೇ ತಿದ್ದಿದರು. ಆಮೇಲೆ ಒಂದು ಸಂಗತಿ ಕಣ್ಣಿಗೆ ಬಿತ್ತು. ಸೊಗಸಾಗಿ ತಿದ್ದಿದ ಮನೆಯೊಳಗೆ ಆ ಜನ ಕೂತೇ ಇದ್ದರು. ಹೊರಗೆ ಬಂದರೂ ಹೋಗುವುದು ಎಲ್ಲಿಗೆ? ಓಣಿಯ ಬೇರೆ ಮನೆಗಳಿಗೆಲ್ಲ ಮೆಟ್ಟಿಲು.

"ಕಾಲಿಲ್ಲದವರ ಮನೆ ರಿಪೇರಿ ಮಾಡೋಕೆ ಬೇಕಾದಷ್ಟು ಜನ ಇದಾರೆ. ನಾನು ಕಾಲಿರೋರ ಮನೆ ರಿಪೇರಿ ಮಾಡ್ತೀನಿ," ಎಂದು ನಗುತ್ತಾರೆ.

ಹೇಳಿದಷ್ಟು ಸುಲಭವಲ್ಲ ಇದು. ದಿನಕ್ಕೆ ಎರಡು ಮನೆ ತಟ್ಟಿದರೆ ಒಂದು ಬಾಗಿಲು ಮುಖಕ್ಕೇ ಬಡಿಯುತ್ತದೆ. "ನಮ್ಮನೇಲಿ ಅಂಥೋರು ಯಾರೂ ಇಲ್ವಲ್ಲ ತಾಯಿ, ಬಾಗಿಲಿಗೆ ಇಳಿಜಾರು ಹಾಕಿ ಇಲ್ಲದ ಪೀಡೆ ಯಾಕೆ ಕರೀತೀಯಾ?" ಎಂದು ಕೇಳುವವರೇ ಹೆಚ್ಚು. ಅದಕ್ಕೆ ಇವರ ಉತ್ತರ ನಾಲಿಗೆ ತುದಿಯಲ್ಲೇ ಇದೆ: "ನಿಮಗೆ ವಯಸ್ಸೇ ಆಗಲ್ವಾ? ಆಗ ನನ್ನ ನೆನೆಸ್ಕೊಳ್ಳಿ." ಹೀಗೆ ಬೈಸಿಕೊಂಡು, ನಗಿಸಿ, ಗೋಗರೆದು, ಈ ಗುಡ್ಡದಲ್ಲಿ ಇದುವರೆಗೆ ಮೂವತ್ತೊಂದು ಹೊಸ್ತಿಲು ಇಳಿಸಿದ್ದಾರೆ.

ಈಗಿನ ಕೆಲಸ ಮಿರ್ಸಾದಾ ಎಂಬವರ ಮನೆಯದು. ಅದು ನಡೆಯುತ್ತಿರುವುದು ಓಣಿಯ ಕೆಳಗಿನ ಶೆವಾಲಾಗಾಗಿ. ಶೆವಾಲಾ ಊರ ಟ್ರಾಮ್ ಓಡಿಸುತ್ತಿದ್ದ ಗಟ್ಟಿ ಹೆಂಗಸು. ನಾಲ್ಕು ವರ್ಷದ ಹಿಂದೆ ಪ್ಲಮ್ ಹಣ್ಣು ಕೀಳಲು ಏಣಿ ಹತ್ತಿ ಬಿದ್ದರು, ಬೆನ್ನುಮೂಳೆ ಮುರಿಯಿತು. ನಾಲಿಗೆಗೆ ಮಾತ್ರ ಏನೂ ಆಗಲಿಲ್ಲ ಎಂದು ಅವರೇ ಹೇಳಿಕೊಳ್ಳುತ್ತಾರೆ. ಆಪ್ತ ಗೆಳತಿ ಮಿರ್ಸಾದಾಳ ಮನೆ ಕೂಗಳತೆಯಲ್ಲಿದ್ದರೂ ಅಂದಿನಿಂದ ಒಳಗೆ ಕಾಲಿಟ್ಟಿಲ್ಲ.

"ಎಲ್ಲರೂ ನನ್ನ ಮನೆಗೇ ಬಂದು ಕಾಫಿ ಕುಡೀತಾರೆ. ದೇವರು ಅವರನ್ನ ಚೆನ್ನಾಗಿಟ್ಟಿರ್ಲಿ," ಎನ್ನುತ್ತಾರೆ ಶೆವಾಲಾ. "ಆದ್ರೆ ಬೇಜಾರಾದಾಗ ಎದ್ದು ಹೋಗೋಕೆ ನನಗೂ ಒಂದು ಮನೆ ಬೇಡ್ವಾ? ಎಷ್ಟು ದಿನ ಅಂತ ನಾನೇ ಮನೆಯೊಡತಿ ಆಗಿ ಕೂರ್ಲಿ? ನನಗೂ ಅತಿಥಿ ಆಗ್ಬೇಕು." ಉಪವಾಸ ಮುಗಿದು ಬೈರಾಮ್ ಹಬ್ಬ ಬಂದ ಬೆಳಿಗ್ಗೆ ಮೊದಲ ಕಾಫಿ ನಮ್ಮ ಮನೆಯಲ್ಲೇ ಎಂದು ಮಿರ್ಸಾದಾ ಮಾತು ಕೊಟ್ಟಾಗಿದೆ.

ಬಾಗಿಲು ಅಗಲವಾಯಿತು, ಹೊಸ್ತಿಲು ನೆಲಕ್ಕೆ ಕೂತಿತು. ಸಿಮೆಂಟ್ ಹಾಕಿದರೆ ಚಳಿಗಾಲದಲ್ಲಿ ಗಾಜಿನಂತೆ ಜಾರುತ್ತದೆಂದು ಒರಟು ಚಪ್ಪಡಿಯೇ ಬಂತು. ಮಿರ್ಸಾದಾಳ ಅತ್ತೆ, ಎಂಬತ್ತು ದಾಟಿದ ಜುಲ್ಸಾ ಅಜ್ಜಿ, "ಬೀದಿ ತುಳಿದ ಚಕ್ರ ನನ್ನ ಜಮಖಾನದ ಮೇಲಾ?" ಎಂದು ಮೂಗು ಮುರಿದಾಗ ಝುಮ್ರೆತಾ ಬಾಗಿಲ ಬಳಿಯೇ ತಗ್ಗು ತೋಡಿಸಿ, ಕಂಬಿ ಹಾಸಿ, ಕೂತಲ್ಲಿಂದಲೇ ಚಕ್ರ ಉಜ್ಜಿ ತೊಳೆಯಲು ಕೈಗೆಟುಕುವ ನಲ್ಲಿ, ಬ್ರಷ್ಷು ಇಟ್ಟರು. ಅಜ್ಜಿ ತಾವೇ ನಲ್ಲಿ ತಿರುಗಿಸಿ ನೋಡಿದರು.

ಉಳಿದದ್ದು ಪೆಟ್ಟಿಗೆ. ಅಜ್ಜಿ ಮದುವೆಯಾಗಿ ಬರುವಾಗ ತವರಿನಿಂದ ತಂದ, ಹೂಬಳ್ಳಿ ಕೆತ್ತಿದ ಅಕ್ರೋಟು ಮರದ ಪೆಟ್ಟಿಗೆ. ಬಾಗಿಲಿಂದ ಬೈಠಕ್ ಕೋಣೆಗೆ ಹೋಗುವ ಓಣಿಯಂಥ ಪಡಸಾಲೆಯಲ್ಲಿ ಅದು ಹಸುವಿನಂತೆ ಅಡ್ಡ ಮಲಗಿದೆ. ಪಕ್ಕದಲ್ಲಿ ಕುರ್ಚಿ ತೂರುತ್ತದೆ, ತಿರುಗುವುದಿಲ್ಲ. ಬೈಠಕ್ಕಿನಲ್ಲಂತೂ ಗೋಡೆಗುಂಟ ಕಟ್ಟಿದ ಆಸನಗಳು, ಅಲ್ಲೂ ತಿರುಗಲು ಜಾಗವಿಲ್ಲ.

"ಒಳಗೆ ಬರೋಕಾಗುತ್ತಲ್ಲ, ಸಾಕು ಬಿಡಿ," ಎನ್ನುತ್ತಾರೆ ಮಿರ್ಸಾದಾ. "ಹೋಗುವಾಗ ನಾನೇ ಹಿಂದಕ್ಕೆ ಎಳ್ಕೊಂಡು ಹೋಗ್ತೀನಿ."

ಝುಮ್ರೆತಾ ಒಪ್ಪುವುದಿಲ್ಲ. ಅವರು ಮಾಡಿಕೊಟ್ಟ ಮೊದಲ ನೆರೆಮನೆಯಲ್ಲಿ ಆದದ್ದು ಅದೇ. ಅತಿಥಿ ಖುಷಿಯಾಗಿ ಒಳಗೆ ಹೋದರು. ಹೊರಡುವಾಗ ಓಣಿಯ ಜನವೆಲ್ಲ ನೋಡುತ್ತಿರಲು, ಹಿಂದುಮುಂದಾಗಿ ಸಾಮಾನು ಇಳಿಸಿದಂತೆ ಅವರನ್ನು ಇಳಿಸಿದರು. ಆ ಮನುಷ್ಯ ಮತ್ತೆ ಆ ಮನೆಯ ಕಡೆ ತಲೆ ಹಾಕಲಿಲ್ಲ. "ಒಳಗೆ ಹೋಗೋದನ್ನ ಅಳೆದಿದ್ದೆ, ಹೊರಗೆ ಬರೋದನ್ನ ಅಳೀಲಿಲ್ಲ. ಅದಕ್ಕೇ ಈಗ ಎರಡನ್ನೂ ಅಳೀತೀನಿ," ಎನ್ನುತ್ತಾರೆ.

ಆದರೆ ಅಜ್ಜಿ ಜಪ್ಪಯ್ಯ ಅಂದರೂ ಜಗ್ಗುವುದಿಲ್ಲ. "ನನ್ನ ಅಪ್ಪ ಕೊಟ್ಟಿದ್ದು. ನಾನು ಈ ಮನೆ ಹೊಕ್ಕ ದಿನದಿಂದ ಅಲ್ಲೇ ಇದೆ. ನಾನು ಹೋದ್ಮೇಲೆ ಎತ್ಕೊಂಡು ಹೋಗಿ," ಎಂದು ಬೈಯುತ್ತಲೇ ಬಾಗಿಲ ಬಳಿ ಬಗ್ಗುತ್ತಾರೆ. ಒಳಗೆ ಅಳತೆ ಹಿಡಿಯಲೆಂದು ಝುಮ್ರೆತಾ, ರಾಮಿಜ್ ಬಿಚ್ಚಿಟ್ಟ ಮಣ್ಣು ಮೆತ್ತಿದ ಬೂಟುಗಳನ್ನು ಒಂದೊಂದಾಗಿ ತಿರುಗಿಸಿ, ಮೂತಿ ಬೀದಿಯ ಕಡೆಗೆ ಮಾಡಿ ಜೋಡಿಸುತ್ತಾರೆ. ಬಂದವರು ಒಳಗಿರುವಾಗ ಅವರ ಮೆಟ್ಟು ಹೊರಮುಖ ಮಾಡಿಡುವುದು ಇಲ್ಲಿನ ಮನೆತನಸ್ಥರ ಮರ್ಯಾದೆ. ಈ ಮನೆಯಲ್ಲಿ ಆ ಕೆಲಸವನ್ನು ಅಜ್ಜಿ ಇನ್ನೂ ಸೊಸೆಗೆ ಬಿಟ್ಟುಕೊಟ್ಟಿಲ್ಲ.

"ಅಜ್ಜೀ, ಬೈತಾ ಬೈತಾ ನನ್ನ ಬೂಟು ಯಾಕೆ ತಿರುಗಿಸ್ತಿದೀರಾ?"

"ಬೈಯೋದು ಬೇರೆ, ಮರ್ಯಾದೆ ಬೇರೆ. ನನ್ನ ಮನೆಗೆ ಬಂದವಳು ಹೋಗುವಾಗ ಹಿಂದುಮುಂದಾಗಿ ತಡಕಾಡ್ಬೇಕಾ?"

"ಶೆವಾಲಾ ಹಾಗೇ ಹೋಗ್ಬೇಕಲ್ಲ ಅಜ್ಜಿ."

ಅಜ್ಜಿಯ ಕೈ ಬೂಟಿನ ಮೇಲೇ ನಿಲ್ಲುತ್ತದೆ. ಒಳಗೆ ಹೋಗಿ ತಮ್ಮ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಾರೆ. ಝುಮ್ರೆತಾ ಮತ್ತೆ ಆ ಮಾತು ಎತ್ತುವುದಿಲ್ಲ. ಗೋಡೆ ಒಡೀಬಹುದು, ಮುದುಕಿಯ ಮನಸ್ಸನ್ನ ಒಡೀಬಾರದು ಎನ್ನುತ್ತಾರೆ. ಆದರೂ ಮುಖ ಬಾಡಿದ್ದು ಕಾಣುತ್ತದೆ.

ಬೈರಾಮ್ ಬೆಳಿಗ್ಗೆ ಓಣಿಯ ತುಂಬ ಬಕ್ಲಾವಾ ಸಿಹಿತಿಂಡಿಯ ಬೆಣ್ಣೆ ಘಮಘಮ. ಶೆವಾಲಾ ಹೊಸ ರೇಷ್ಮೆ ತಲೆವಸ್ತ್ರ ಕಟ್ಟಿ, ಮಡಿಲಲ್ಲಿ ಸಿಹಿಯ ತಟ್ಟೆ ಇಟ್ಟುಕೊಂಡು ತಾವೇ ಚಕ್ರ ನೂಕುತ್ತ ಬರುತ್ತಾರೆ. ಝುಮ್ರೆತಾ ಹಿಂದೆ ಬರುತ್ತಾರೆ, ಕುರ್ಚಿ ಮುಟ್ಟುವುದಿಲ್ಲ. ಇಳಿಜಾರಿನಲ್ಲಿ ಚಕ್ರ ಜಾರುವುದಿಲ್ಲ. ಶೆವಾಲಾ ತಮ್ಮ ಕೈಯಾರೆ ಬಾಗಿಲು ತಟ್ಟುತ್ತಾರೆ, ಚಕ್ರ ತೊಳೆಯುತ್ತಾರೆ, ಒಳಗೆ ತಿರುಗಿ ನೋಡುತ್ತಾರೆ.

ಪಡಸಾಲೆ ಖಾಲಿ. ಪೆಟ್ಟಿಗೆ ಇದ್ದಲ್ಲಿ ನೆಲದ ಹಲಗೆ ಮಾತ್ರ ಬೇರೆ ಬಣ್ಣ. ಹಿಂದಿನ ಸಂಜೆ ಅಜ್ಜಿ ರಾಮಿಜ್‌ನನ್ನು ಗುಟ್ಟಾಗಿ ಕರೆಸಿ, ಅದನ್ನು ತಮ್ಮ ಮಂಚದ ಕಾಲಬಳಿಗೆ ಸಾಗಿಸಿದ್ದಾರೆ.

"ಅಜ್ಜೀ, ನಿಮ್ಮ ಪೆಟ್ಟಿಗೆ?" ಶೆವಾಲಾ ಆ ಹಲಗೆಯತ್ತ ಕೈ ತೋರುತ್ತಾರೆ.

"ಈ ಮನೆಗೆ ಬಂದವರ ಮೆಟ್ಟು ತಿರುಗಿಸದೆ ಒಂದು ದಿನಾನೂ ಕಳ್ಸಿದವಳಲ್ಲ ನಾನು. ನೀನು ಮೆಟ್ಟು ಬಿಚ್ಚಲ್ಲ. ಇನ್ನೇನು ತಿರುಗಿಸ್ಲಿ? ಕುರ್ಚಿನೇ ತಿರುಗ್ಲಿ ಅಂತ ಪೆಟ್ಟಿಗೆ ಸರಿಸ್ದೆ. ಬಾ, ಕಾಫಿ ಆರುತ್ತೆ."

ಹೊಸ್ತಿಲಾಚೆ ನಿಂತ ಝುಮ್ರೆತಾ ಕಣ್ಣು ಒರೆಸಿಕೊಳ್ಳುತ್ತ, "ಬಾಗಿಲು ನಾನು ಮಾಡಿದ್ದು. ಒಳ್ಳೇ ಬಾಗಿಲೇ. ಮನೆ ಮಾಡಿದ್ದು ಅಜ್ಜಿ," ಎನ್ನುತ್ತಾರೆ.

ಎರಡು ಸುತ್ತು ಕಾಫಿ, ಮೂರು ಸುತ್ತು ಚಾಡಿಮಾತು ಮುಗಿದ ಮೇಲೆ ಶೆವಾಲಾ ಹೊರಡುತ್ತಾರೆ. ಪಡಸಾಲೆಯಲ್ಲಿ ಟ್ರಾಮ್ ಓಡಿಸಿದ ಗತ್ತಿನಲ್ಲೇ ಕುರ್ಚಿಯನ್ನು ಗರ್ರನೆ ತಿರುಗಿಸಿ, ಬೀದಿಗೆ ಮುಖ ಮಾಡಿ ಬಾಗಿಲು ದಾಟುತ್ತಾರೆ.

"ಬೇಜಾರಾದಾಗ ಮತ್ತೆ ಬರ್ತೀನಿ ಮಿರ್ಸಾದಾ."

ಒಳಗಿನಿಂದ ಜುಲ್ಸಾ ಅಜ್ಜಿಯ ದನಿ ಕೇಳುತ್ತದೆ. "ಬೇಜಾರು ಯಾಕೆ ಆಗ್ಬೇಕೇ? ಸುಮ್ನೆ ಬಾ."