ಚಿಂತಾಮಣಿಯಿಂದ ಬರುತ್ತಿದ್ದ ಬಿಸಿ

ಕಳೆದ ವಾರ ಕೊರಿಯರ್‌ನಲ್ಲಿ ಒಂದು ಕಂದು ಬಣ್ಣದ ಲಕೋಟೆ ಬಂತು. ಒಳಗಿದ್ದದ್ದು ಅಮ್ಮನ ಪಾಸ್‌ಪೋರ್ಟ್ ಅಳತೆಯ ಒಂದು ಫೋಟೊ, ಅಷ್ಟೇ. ಬೆರಳು ತಾಗಿ ತಾಗಿ ಅದರ ಅಂಚುಗಳು ಬಟ್ಟೆಯಂತೆ ಮೆತ್ತಗಾಗಿದ್ದವು. ಹಿಂಬದಿಯಲ್ಲಿ ಪೆನ್ಸಿಲ್ಲಿನಿಂದ ದುಂಡಗೆ ಬರೆದಿತ್ತು: ‘ಎಡಗೈ. ಗೌರಿಬಿದನೂರು. ಬೆಳಿಗ್ಗೆ ಆರು.’ ಆ ಅಕ್ಷರವನ್ನು ನಾನು ಎಲ್ಲಿ ಕಂಡರೂ ಗುರುತು ಹಿಡಿಯುತ್ತೇನೆ. ಹೈಸ್ಕೂಲಿನ ಮೂರು ವರ್ಷ ನನ್ನ ಹೊಲಿಗೆ ಪುಸ್ತಕದ ಅಂಚಿನಲ್ಲಿ ಅದೇ ಅಕ್ಷರ ‘ಬಿಚ್ಚಿ ಮತ್ತೆ ಹಾಕು’ ಎಂದು ಬರೆಯುತ್ತಿತ್ತು.

ಆ ಅಕ್ಷರ ಬರೆದವರು ಶಿಡ್ಲಘಟ್ಟದಲ್ಲಿ ನಮ್ಮ ಹೊಲಿಗೆ ಟೀಚರ್. ಬೈದವರಲ್ಲ, ಹೊಡೆದವರಲ್ಲ. ಗುಂಡಿಗೆಂದು ನಾವು ಹಾಕಿದ ಕಾಜಾವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದರು. ಒಂದು ಎಳೆ ಸಡಿಲವಾಗಿದ್ದರೂ ಕಣ್ಣಿಗೆ ಬೀಳುತ್ತಿತ್ತು. ಸುಳ್ಳು ಹೊಗಳಿಕೆ ಅವರ ಬಾಯಲ್ಲಿ ಬರುತ್ತಿರಲಿಲ್ಲ. ಅವರು ‘ಸರಿಯಾಗಿದೆ’ ಎಂದ ದಿನ ನಾನು ನಮ್ಮೂರು ದಿಬ್ಬೂರಹಳ್ಳಿಯ ಬಸ್ಸಿನಲ್ಲಿ ಆ ಬಟ್ಟೆಯ ತುಂಡನ್ನು ಕೈಯಲ್ಲೇ ಹಿಡಿದುಕೊಂಡು ಹೋಗಿದ್ದೆ...

ಆಮೇಲೆ ಎಷ್ಟೋ ವರ್ಷ ಅವರನ್ನು ನೋಡಿರಲಿಲ್ಲ. ನಾನು ಮದುವೆಯಾಗಿ ಗೌರಿಬಿದನೂರಿಗೆ ಬಂದೆ. ಕುಡುಮಲಕುಂಟೆಯ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ಊರಿನಲ್ಲಿ ಅಮ್ಮ ರೇಷ್ಮೆ ಹುಳು ಸಾಕುತ್ತಲೇ ಇದ್ದಳು. ಒಂದು ಬೆಳಿಗ್ಗೆ ಸೊಪ್ಪು ಹಾಕುತ್ತಿದ್ದವಳು ಹುಳುಮನೆಯಲ್ಲೇ ಕುಸಿದಳು. ಡಾಕ್ಟರು ಸ್ಟ್ರೋಕ್ ಎಂದರು. ಜೀವಕ್ಕೆ ಅಪಾಯವಾಗಲಿಲ್ಲ, ಎಡಗೈ ಮಾತ್ರ ಜೋತುಬಿತ್ತು. ಅವಳನ್ನು ನಮ್ಮ ಮನೆಗೆ ಕರೆದುಕೊಂಡು ಬಂದೆ. ಹಣ್ಣಾದ ಹುಳುಗಳನ್ನು ಒಂದೊಂದಾಗಿ ಎತ್ತಿ ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡುತ್ತಿದ್ದ ಕೈ ಈಗ ಮಡಿಲಲ್ಲಿ ಸುಮ್ಮನೆ ಬಿದ್ದಿರುತ್ತಿತ್ತು. ಅಮ್ಮ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದಳು. ಫಿಸಿಯೋಥೆರಪಿಯವರು ಕೊಟ್ಟ ರಬ್ಬರ್ ಚೆಂಡನ್ನು ಮುಟ್ಟುತ್ತಿರಲಿಲ್ಲ.

ಅಮ್ಮನ ಸ್ಕ್ಯಾನಿಂಗ್ ರಿಪೋರ್ಟ್ ತರಲು ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ಹೋದಾಗ ಅಲ್ಲಿ ಬೆಂಚಿನ ಮೇಲೆ ಟೀಚರ್ ಕೂತಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು, ಕೈಯಲ್ಲೊಂದು ಫೈಲು. ಅವರೇ ನನ್ನನ್ನು ಮೊದಲು ಗುರುತು ಹಿಡಿದರು. ಅಮ್ಮನ ವಿಷಯವೆಲ್ಲ ಕೇಳಿಸಿಕೊಂಡು, ತಾವು ರಿಟೈರ್ ಆಗಿ ಚಿಂತಾಮಣಿಯಲ್ಲಿರುವುದಾಗಿಯೂ ಬೆಂಗಳೂರಿನಲ್ಲಿ ಕೈಯಿಂದ ಶಕ್ತಿ ಹರಿಸಿ ಗುಣ ಮಾಡುವ ಎನರ್ಜಿ ಹೀಲಿಂಗ್ ಕಲಿತಿರುವುದಾಗಿಯೂ ಹೇಳಿದರು.

“ದೂರದಲ್ಲಿದ್ರೂ ಕಳಿಸಬಹುದು ಕಣಮ್ಮ. ನಿಮ್ಮಮ್ಮಂದು ಒಂದು ಫೋಟೊ ಇದ್ರೆ ಕೊಡು.”

ನನಗೆ ಅವರ ಪರವಾಗಿ ನಾಚಿಕೆಯಾಯಿತು. ಒಂದು ಸಡಿಲ ಎಳೆಯನ್ನು ಬಿಡದವರು ಇದನ್ನು ಹೇಗೆ ನಂಬಿದರು? ಆದರೂ ಎದುರು ಮಾತಾಡುವ ಧೈರ್ಯ ಬರಲಿಲ್ಲ. ಅರ್ಜಿಗೆಂದು ಪರ್ಸಿನಲ್ಲಿ ಇಟ್ಟುಕೊಂಡಿದ್ದ ಫೋಟೊ ಕೊಟ್ಟೆ. ಇದಕ್ಕಾಗಿ ಅವರು ಯಾರಿಂದಲೂ ಹಣ ತೆಗೆದುಕೊಳ್ಳುತ್ತಿರಲಿಲ್ಲ.

ಮಾರನೆಯ ದಿನದಿಂದ ಬೆಳಿಗ್ಗೆ ಆರಕ್ಕೆ ಒಂದು ಮಿಸ್ಡ್ ಕಾಲ್ ಬರುತ್ತಿತ್ತು. ಶುರುವಾಯಿತು ಎಂದು ಅದರ ಅರ್ಥ. ಅಮ್ಮ ಕುರ್ಚಿಯಲ್ಲಿ ಕೂತು, ಪಾದಗಳನ್ನು ನೆಲಕ್ಕೆ ಊರಿ, ಎರಡೂ ಅಂಗೈಗಳನ್ನು ತೆರೆದು ತೊಡೆಯ ಮೇಲೆ ಇಟ್ಟುಕೊಳ್ಳಬೇಕು. ಇಪ್ಪತ್ತು ನಿಮಿಷವಾದ ಮೇಲೆ ಇನ್ನೊಂದು ಮಿಸ್ಡ್ ಕಾಲ್. ಮುಗಿಯಿತು, ಒಂದು ಲೋಟ ನೀರು ಕುಡಿಯಬೇಕು. ಅಲ್ಲಿ ನೀವೇನು ಮಾಡುತ್ತೀರಿ ಎಂದು ಒಮ್ಮೆ ಕೇಳಿದ್ದೆ. “ಫೋಟೊ ಎರಡು ಕೈ ಮಧ್ಯೆ ಇಟ್ಕೊಂಡು ಆ ಕೈನ ನೆನೆಸ್ಕೋತೀನಿ. ಭುಜದಿಂದ ಬೆರಳ ತುದಿವರೆಗೆ, ನಿಧಾನಕ್ಕೆ. ಅಷ್ಟೇ ಕಣಮ್ಮ” ಎಂದಿದ್ದರು.

ಲ್ಯಾಬಿನ ಗೆಳತಿ “ಟವರ್ ಸಿಗುತ್ತೇನೇ ಅದಕ್ಕೆ?” ಎಂದು ನಕ್ಕಳು. ಅಮ್ಮನಿಗೆ ಮಾತ್ರ ಇದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ಅವಳ ತೌರಿನಲ್ಲಿ ಚೇಳು ಕಡಿದರೆ ಸುದ್ದಿ ಹೇಳಲು ಓಡಿ ಬಂದವನ ಎದುರೇ ಮಂತ್ರ ಹಾಕಿ ಕಳಿಸುವವರೊಬ್ಬರು ಇದ್ದರಂತೆ. “ಕಡಿಸ್ಕೊಂಡೋರು ಎಲ್ಲೋ, ಮಂತ್ರ ಹಾಕೋರು ಎಲ್ಲೋ. ಇದೂ ಹಂಗೇ ಕಣೇ” ಎಂದಳು.

ಹತ್ತು ದಿನ ಕಳೆದಿರಬೇಕು. ಸ್ನಾನ ಮುಗಿಸಿ ಬರುತ್ತಿದ್ದ ನನ್ನನ್ನು ಕರೆದು, “ಇವತ್ತು ಅಂಗೈಯಾಗೆ ಬಿಸಿ ಬಂತು” ಎಂದಳು. ಅಂದಿನಿಂದ ಅಮ್ಮ ಐದೂವರೆಗೇ ಎದ್ದು, ಮುಖ ತೊಳೆದು, ಕುಂಕುಮ ಇಟ್ಟುಕೊಂಡು ಕಾಯತೊಡಗಿದಳು. ಗೋಡೆಯ ಕಡೆ ತಿರುಗಿದ್ದವಳು ಬಾಗಿಲ ಕಡೆ ತಿರುಗಿದ್ದಳು. ಅಷ್ಟನ್ನು ನಾನೂ ಕಣ್ಣಾರೆ ನೋಡಿದೆ.

ಮೂರನೆಯ ತಿಂಗಳಲ್ಲಿ ಮೆಂತ್ಯಕ್ಕೆಂದು ಡಬ್ಬಿ ತೆಗೆದರೆ ಕೈಗೆ ಮಾತ್ರೆಗಳು ಸಿಕ್ಕವು. ಬಿಪಿ ಮಾತ್ರೆ. ನಾನು ದಿನಾ ಕೈಗೆ ಕೊಟ್ಟು ಕೆಲಸಕ್ಕೆ ಓಡುತ್ತಿದ್ದೆ. ಅಮ್ಮ ಒಂದನ್ನೂ ನುಂಗದೆ ಎರಡು ವಾರದ್ದನ್ನು ಅಲ್ಲಿ ಬಚ್ಚಿಟ್ಟಿದ್ದಳು. ಕೇಳಿದರೆ, “ಟೀಚರಮ್ಮ ವಾಸಿ ಮಾಡ್ತಾ ಇರುವಾಗ ಆ ಕಹಿ ಯಾಕೆ ನುಂಗ್ಬೇಕು?” ಎಂದಳು. ಬಿಪಿ ನೋಡಿಸಿದಾಗ ತುಂಬಾ ಏರಿತ್ತು, ಡಾಕ್ಟರು ನನ್ನನ್ನೇ ಬೈದರು.

ನಾನು ಟೀಚರಿಗೆ ಫೋನ್ ಮಾಡಿದೆ. ವಿದ್ಯಾರ್ಥಿನಿ ಎಂಬುದನ್ನು ಮರೆತು ಮಾತಾಡಿದೆ. “ನಮ್ಮಮ್ಮ ಇನ್ನೊಂದ್ಸಲ ಬಿದ್ರೆ ಅದಕ್ಕೆ ನೀವೇ ಕಾರಣ” ಎಂದುಬಿಟ್ಟೆ. ಟೀಚರ್, “ನಾಳೆ ಭಾನುವಾರ ಅಲ್ವಾ, ನಾನೇ ಬರ್ತೀನಿ” ಎಂದರು.

ಚಿಂತಾಮಣಿಯಿಂದ ಹೊರಟು, ಚಿಕ್ಕಬಳ್ಳಾಪುರದಲ್ಲಿ ಬಸ್ಸು ಬದಲಿಸಿ, ಮಧ್ಯಾಹ್ನದ ಹೊತ್ತಿಗೆ ಬಂದರು. ಆ ಬಿಸಿಲಿನಲ್ಲೂ ಸೀರೆಯ ಮೇಲೆ ಸ್ವೆಟರ್ ಹಾಕಿದ್ದರು. ಅಮ್ಮ ಅವರನ್ನು ನೋಡಿದ್ದು ಅದೇ ಮೊದಲು. ಕಾಲಿಗೆ ಬೀಳಲು ಹೋದವಳನ್ನು ತಡೆದು, ಎಡಗೈಯನ್ನು ತಮ್ಮ ಕೈಯಲ್ಲಿ ತೆಗೆದುಕೊಂಡು ಕೂತರು.

“ಅಕ್ಕಯ್ಯಾ, ಮೊನ್ನೆ ಸೋಮವಾರ, ಮಂಗಳವಾರ ನಿಮಗೆ ಬಿಸಿ ಬಂತಾ?”

“ಬಂತಲ್ಲ ಟೀಚರಮ್ಮ. ಮಂಗಳವಾರ ಇನ್ನೂ ಜಾಸ್ತೀನೇ ಬಂತು.”

“ಆ ಎರಡು ದಿನ ನಾನು ಕೂರಲೇ ಇಲ್ಲ. ನಿಮಗೆ ಬೇಜಾರಾಗ್ಬಾರ್ದು ಅಂತ ಮಿಸ್ಡ್ ಕಾಲ್ ಕೊಟ್ಟು ಬೆಂಗಳೂರು ಬಸ್ ಹತ್ತಿದ್ದೆ. ಆಸ್ಪತ್ರೇಲಿ ಕೆಲಸ ಇತ್ತು. ನಾನು ಮಾಡಿದ್ದು ತಪ್ಪು.”

ಅಮ್ಮ ನನ್ನ ಮುಖ ನೋಡಿದಳು. ನಾನೇ ಹೇಳಿಕೊಟ್ಟು ಕರೆಸಿದ್ದೇನೆ ಅನ್ನಿಸಿರಬೇಕು. “ಮತ್ತೆ ಆ ಬಿಸಿ?” ಎಂದಳು.

“ಗೊತ್ತಿಲ್ಲ ತಲ್ಲೀ. ನಾನು ಕಳಿಸಿದ್ದಂತೂ ಅಲ್ಲ. ನಾನು ಕೂರ್ತೀನಿ, ನಿಮಗೆ ಒಳ್ಳೇದಾಗ್ಲಿ ಅಂತ ಮನಸಾರೆ ಕೂರ್ತೀನಿ. ಆದ್ರೆ ಬಿಪಿ ಇಳಿಸೋದು ನಂಗೆ ಬರಲ್ಲ, ಅದು ಮಾತ್ರೆ ಕೆಲಸ. ನನ್ನ ನಂಬಿ ನೀವು ಬಿದ್ರೆ ನಾನು ಇನ್ನು ಯಾರಿಗೂ ಕೂರೋಕಾಗಲ್ಲ.”

ನೀರಿನ ಲೋಟ ತರಿಸಿ, ಅಮ್ಮ ಮಾತ್ರೆ ನುಂಗುವವರೆಗೆ ಎದುರಿಗೇ ನಿಂತಿದ್ದರು. ಅರ್ಧ ಮುದ್ದೆ ಉಂಡು ಹೊರಟರು. ಬಸ್ ಸ್ಟ್ಯಾಂಡಿನವರೆಗೆ ಹೋದಾಗ, “ನೀನು ಇದನ್ನ ನಂಬ್ತೀಯಾ?” ಎಂದು ಕೇಳಿದರು. “ಇಲ್ಲ ಟೀಚರ್” ಎಂದೆ. “ಪರವಾಗಿಲ್ಲ, ನಿಮ್ಮಮ್ಮ ಮಾತ್ರೆ ನುಂಗೋದನ್ನ ಮಾತ್ರ ನಿಂತು ನೋಡು” ಎಂದು ನಕ್ಕರು. ಆಸ್ಪತ್ರೆಗೆ ಯಾಕೆ ಹೋಗಿದ್ದಿರಿ ಎಂದಾಗ “ವಯಸ್ಸಾಯ್ತಲ್ಲಮ್ಮ” ಎಂದು ಬಸ್ಸು ಹತ್ತಿದರು. ನಾನು ಇನ್ನೊಮ್ಮೆ ಕೇಳಲಿಲ್ಲ.

ಅಮ್ಮನಿಗೆ ಬಹಳ ನೋವಾಗಿತ್ತು. ಐದು ದಿನ ಮಿಸ್ಡ್ ಕಾಲ್ ಬಂದರೂ ಏಳಲಿಲ್ಲ. ಮಾತ್ರೆಯನ್ನು ಮಾತ್ರ ಸಿಟ್ಟಿನಿಂದ ನುಂಗುತ್ತಿದ್ದಳು. ಆರನೆಯ ದಿನ ತಾನಾಗಿಯೇ ಕುರ್ಚಿ ಎಳೆದುಕೊಂಡಳು. “ಪಾಪ, ಅಲ್ಲಿ ಅವರು ಕೂತಿರ್ತಾರೆ. ನಾನಿಲ್ಲಿ ಮುಖ ತಿರುಗಿಸ್ಕೊಂಡಿದ್ರೆ ಚೆನ್ನಾಗಿರುತ್ತಾ?”

ಅಂದಿನಿಂದ ಟೀಚರ್ ಹೊಸದೊಂದು ನಿಯಮ ಮಾಡಿದರು. ಆ ಇಪ್ಪತ್ತು ನಿಮಿಷ ಎಡಗೈ ಸುಮ್ಮನಿರಬಾರದು, ಆ ರಬ್ಬರ್ ಚೆಂಡನ್ನು ಹಿಸುಕುತ್ತಿರಬೇಕು. ಫಿಸಿಯೋಥೆರಪಿಯವರು ಬೇಡಿಕೊಂಡರೂ ಮಾಡದಿದ್ದದ್ದನ್ನು ಅಮ್ಮ ಟೀಚರಿಗಾಗಿ ಮಾಡಿದಳು. ಚಳಿಗಾಲದ ಹೊತ್ತಿಗೆ ಅವಳು ಎರಡೂ ಕೈಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಗುಣ ಮಾಡಿದ್ದು ಮಾತ್ರೆಯೋ, ಚೆಂಡೋ, ಟೀಚರೋ, ಬರೀ ಕಾಲವೋ... ಲ್ಯಾಬಿನಲ್ಲಾದರೆ ಒಂದೊಂದನ್ನೇ ಬೇರ್ಪಡಿಸಿ ನೋಡುತ್ತೇವೆ. ಮನೆಯಲ್ಲಿ ಅದು ಆಗುವುದಿಲ್ಲ.

ಒಂದು ಬೆಳಿಗ್ಗೆ ಮಿಸ್ಡ್ ಕಾಲ್ ಬರಲಿಲ್ಲ. ಮರುದಿನವೂ ಇಲ್ಲ. ಮೂರನೆಯ ದಿನ ಟೀಚರ ಮಗಳು ಕರೆ ಮಾಡಿದರು. ಕಿಡ್ನಿ ಎರಡೂ ಹೋಗಿವೆ, ವರ್ಷದಿಂದ ಡಯಾಲಿಸಿಸ್ ನಡೆಯುತ್ತಿದೆ, ಈಗ ಹಾಸಿಗೆ ಹಿಡಿದಿದ್ದಾರೆ ಎಂದರು. ನಾನು ಲೆಕ್ಕ ಹಾಕಿದೆ. ನನ್ನ ಬಿರುಸು ಮಾತು ಕೇಳಿ ಎರಡು ಬಸ್ಸು ಹಿಡಿದು ಬಂದಾಗಲೂ ಅವರು ಆ ಸ್ಥಿತಿಯಲ್ಲೇ ಇದ್ದರು.

ಅಮ್ಮ ಫೋನು ಇಸಕೊಂಡಳು. “ನಾಳೆ ಬೆಳಿಗ್ಗೆ ಆರಕ್ಕೆ ನಿಮ್ಮಮ್ಮನ ಅಂಗೈ ತೆರೆದು ಇಡಮ್ಮ. ಇನ್ಮೇಲೆ ನಾನು ಕೂರ್ತೀನಿ. ಡಾಕ್ಟ್ರು ಹೇಳಿದ್ದನ್ನೂ ತಪ್ಪಿಸ್ಬೇಡಿ” ಎಂದಳು.

ಹಾಗೆಯೇ ಕೂತಳು, ಒಂದು ದಿನವೂ ಬಿಡದೆ. ಟೀಚರ ಫೋಟೊ ಇರಲಿಲ್ಲ. “ಅವತ್ತು ನನ್ನ ಎಡಗೈ ಹಿಡಿದಿದ್ರಲ್ಲ, ಅದನ್ನೇ ನೆನೆಸ್ಕೋತೀನಿ” ಎನ್ನುತ್ತಿದ್ದಳು. ನನಗೆ ಮಾತ್ರ, “ನೀನೊಂದ್ಸಲ ಹೋಗಿ ನೋಡ್ಕೊಂಡು ಬಾ. ನಂಗೆ ಬಸ್ಸಲ್ಲಿ ಆಗಲ್ಲ” ಎಂದು ಹೇಳುತ್ತಲೇ ಇದ್ದಳು. ನಾನು ಆಡಿಟ್ ಮುಗಿಯಲಿ ಎಂದೆ. ಹಬ್ಬ ಕಳೆಯಲಿ ಎಂದೆ. ನಿಜ ಹೇಳಬೇಕೆಂದರೆ, ಅಂದು ಫೋನಿನಲ್ಲಿ ಹಾಗೆ ಮಾತಾಡಿದ ಮೇಲೆ ಅವರ ಮುಖ ನೋಡಲು ನನಗೆ ಅಳುಕು... ಸುಗ್ಗಿ ಹಬ್ಬ ಮುಗಿದ ವಾರವೇ ಅವರು ತೀರಿಕೊಂಡರು.

ಫೋಟೊದ ಲಕೋಟೆ ತಲುಪಿದೆ ಎಂದು ತಿಳಿಸಲು ಮೊನ್ನೆ ಅದನ್ನು ಕಳಿಸಿದ್ದ ಅವರ ಮಗಳಿಗೆ ಫೋನ್ ಮಾಡಿದೆವು. ಕೊನೆಯ ದಿನಗಳಲ್ಲೂ ಆರು ಗಂಟೆಗೆ ಸರಿಯಾಗಿ ಟೀಚರ್ ತಾವೇ ಅಂಗೈ ತೆರೆಯುತ್ತಿದ್ದರಂತೆ. “ಬಿಸಿ ಬರ್ತಿತ್ತಂತಾ?” ಎಂದು ಅಮ್ಮ ಆಸೆಯಿಂದ ಕೇಳಿದಳು.

“ಕೇಳಿದ್ರೆ ನಗ್ತಿದ್ರು. ಅಕ್ಕಯ್ಯ ಕೂತಿದ್ದಾರೆ, ಅಷ್ಟು ಸಾಕು ಅನ್ನೋರು” ಎಂದರು ಮಗಳು. ಆಮೇಲೆ ನನ್ನನ್ನು ಕುರಿತು, “ನಿಮ್ಮ ಹೆಸರೂ ಹೇಳೋರು. ಅವಳು ಬರ್ತಾಳೆ, ರಜಾ ಸಿಕ್ಕಿರಲ್ಲ ಅನ್ನೋರು” ಎಂದರು.

ಅಮ್ಮ ಕಳಿಸಿದ್ದು ತಲುಪಿತೋ ಇಲ್ಲವೋ, ಅದನ್ನು ಹೇಳಲು ನನಗೆ ಈಗಲೂ ಬಾರದು. ದೂರದಿಂದ ಯಾರಿಗೂ ಏನೂ ತಲುಪುವುದಿಲ್ಲ ಎಂದು ಗಟ್ಟಿಯಾಗಿ ತಿಳಿದಿದ್ದವಳು ಆ ಮನೆಗೂ ಈ ಮನೆಗೂ ಸೇರಿ ನಾನೊಬ್ಬಳೇ. ಹಾಗೆ ತಿಳಿದಿದ್ದವಳೇ ಬಸ್ಸು ಹತ್ತಿ ಅವರ ಬಳಿಗೆ ಹೋಗಬೇಕಿತ್ತು.