ದನಿ ನಿಂತ ಓದು

ಮೈಸೂರಿಗೆ ಬಂದ ಮೊದಲ ಸಂಜೆ ನನ್ನನ್ನು ಹೆದರಿಸಿದ್ದು ಪೇಟೆಯ ಗದ್ದಲವಲ್ಲ. ಅಶೋಕಪುರಂನ ಬಾಡಿಗೆ ಕೋಣೆಯಲ್ಲಿ ಮೂವರು ಹುಡುಗಿಯರು ಪುಸ್ತಕ ಹಿಡಿದು ಕೂತಿದ್ದರು, ಒಬ್ಬರ ಬಾಯಿಂದಲೂ ಸದ್ದಿಲ್ಲ. ನಾನು ರೂಢಿಯಂತೆ ಗಟ್ಟಿಯಾಗಿ ಓದಲು ಶುರುಮಾಡಿದೆ. ಮೂವರೂ ತಲೆಯೆತ್ತಿ ನೋಡಿದರು.

ತೊಂಬತ್ತರ ದಶಕದ ಕೊನೆಯಲ್ಲಿ, ಟೀಚರ್ ಟ್ರೈನಿಂಗಿಗೆಂದು ಕೊಳ್ಳೇಗಾಲದಾಚೆಯ ಹಳ್ಳಿಯಿಂದ ಬಂದವಳು ನಾನು. ನಮ್ಮ ಮನೆಯಲ್ಲಿ ಓದು ಎಂದರೆ ಕೇಳಿಸಬೇಕು. ಅವ್ವನಿಗೆ ಅಕ್ಷರ ಬರದು; ಒಲೆ ಮುಂದೆ ಕೂತು ಕಿವಿಯಲ್ಲೇ ನಮ್ಮನ್ನು ಕಾಯುತ್ತಿದ್ದಳು. ಸುಮ್ಮನಾದರೆ ಸಾಕು, "ಯಾಕವ್ವ, ದನಿ ನಿಂತೋಯ್ತು?" ಅನ್ನುವಳು. ಹತ್ತು ಸಲ ಓದಿಯೂ ಬರದಿದ್ದರೆ ದಡ್ಡಿ. ನನ್ನ ತಂಗಿ ಗೌರಿ ದಡ್ಡಿ ಎಂದು ಹಾಗೇ ತೀರ್ಮಾನವಾಗಿತ್ತು.

ಕೋಣೆಯಲ್ಲಿದ್ದ ಸುಮಿತ್ರ, ಟ್ರೈನಿಂಗಿನ ಎರಡನೇ ವರ್ಷದವಳು, ಒಂದು ದಿನ ನನ್ನ ಪುಸ್ತಕ ಕಿತ್ತುಕೊಂಡಳು. "ಈಗ ನೆನಪಿರೋಷ್ಟು ಬರಿ, ನೋಡೋಣ." ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ನಾನು ಬರೆದದ್ದು ನಾಲ್ಕೇ ಸಾಲು. ಹತ್ತು ಸಲ ಓದಿದ್ದ ಪಾಠ! ನಾಚಿಕೆಯಿಂದ ಅತ್ತುಬಿಟ್ಟೆ. "ಅಳಬೇಡ ಬುಡು. ಯಾವುದು ಬರಲ್ಲ ಅಂತ ಗೊತ್ತಾಯ್ತಲ್ಲ, ಅದನ್ನ ನೋಡ್ಕೊ. ಎರಡು ದಿನ ಬುಟ್ಟು ಮತ್ತೆ ಬರಿ ಕಣೇ" ಅಂದಳು. ಇಲ್ಲಿನ ಸಿಹಿ ಸಾರು ನಾಲಿಗೆಗೆ ಹಿಡಿಸುವ ಮೊದಲೇ ಆ ಅಭ್ಯಾಸ ಹಿಡಿಸಿತು. ಕಿರುಪರೀಕ್ಷೆಯಲ್ಲಿ ಒಳ್ಳೆಯ ಅಂಕ ಬಂದ ದಿನ, ಗೌರಿಯ ನೆನಪಾಗಿ ಊಟ ಸೇರಲಿಲ್ಲ.

ದಸರಾ ರಜೆಗೆ ಹೋದವಳೇ ಅವಳಿಗೂ ಹೇಳಿಕೊಟ್ಟೆ. ಆಗ ಅವಳು ಹತ್ತನೇ ಕ್ಲಾಸು. ಪುಸ್ತಕ ಮುಚ್ಚಿಟ್ಟು, ತುಟಿ ಕಚ್ಚಿಕೊಂಡು ಬರೆದಳು. ಮೂರೇ ದಿನಕ್ಕೆ ಅರ್ಧ ಪಾಠ ಬಂತು. ಅವಳ ಮುಖ ನೋಡಬೇಕಿತ್ತು. ನಾಲ್ಕನೆಯ ದಿನ ಅವ್ವ ಬಾಗಿಲಲ್ಲಿ ನಿಂತಳು. "ದನಿ ಇಲ್ಲ, ಪುಸ್ತಕನೂ ಮುಚ್ಚವ್ಳೆ. ಇದ್ಯಾವ ಓದು? ಮೈಸೂರ್ಗೋಗಿ ಇದನ್ನೇ ಕಲ್ತು ಬಂದ್ಯಾ?"

ಗೌರಿ ನನ್ನತ್ತ ನೋಡಿದಳು. ಹೇಳಬೇಕಾದ ಮಾತೆಲ್ಲ ನನಗೆ ಗೊತ್ತಿತ್ತು. ಆದರೆ ಮರುದಿನ ಬಸ್ಸು ಹಿಡಿಯಬೇಕು, ಜಗಳ ಯಾಕೆ ಅನಿಸಿತು. "ಜೋರಾಗೇ ಓದ್ಕೊ ಬುಡು" ಅಂದುಬಿಟ್ಟೆ.

ಅವಳು ಎರಡು ವಿಷಯಗಳಲ್ಲಿ ಫೇಲಾದಳು. ಮತ್ತೆ ಪರೀಕ್ಷೆಗೆ ಕೂರಲೇ ಇಲ್ಲ.

ನಾನೀಗ ಮೈಸೂರಿನಲ್ಲೇ ಟೀಚರು. ಪುಸ್ತಕ ಮುಚ್ಚಿ ಬರೆಯಿರಿ ಎಂದು ಯಾರ್ಯಾರದೋ ಮಕ್ಕಳಿಗೆ ದಿನಾ ಹೇಳುತ್ತೇನೆ. ಇಲ್ಲಿ ಓದುವಾಗ ನನ್ನ ತುಟಿ ಅಲ್ಲಾಡಿದರೆ ಜೊತೆಯವರು ನಗುತ್ತಾರೆ. ಊರಲ್ಲಿ ದನಿಯಿಲ್ಲದೆ ಓದಿದರೆ ಮೈ ಹುಷಾರಿಲ್ಲವೇ ಎಂದು ಕೇಳುತ್ತಾರೆ.

ಕಳೆದ ಸಲ ಹೋದಾಗ ಗೌರಿ ರೊಟ್ಟಿ ತಟ್ಟುತ್ತ, ಪಕ್ಕದ ಮನೆಯ ಹೆಂಗಸಿಗೆ ನನ್ನನ್ನು ತೋರಿಸಿದಳು. "ನಮ್ಮಕ್ಕ ಬುದ್ಧಿವಂತೆ ಕಣಕ್ಕ. ನಾನೇ ದಡ್ಡಿ, ಎಷ್ಟು ಜೋರಾಗಿ ಓದಿದ್ರೂ ತಲೆಗತ್ತಲಿಲ್ಲ."

"ಇಲ್ಲ ಗೌರಿ..." ಎಂದೆ.

ಒಲೆ ಮುಂದಿಂದ ಅವ್ವ ಕೇಳಿದಳು, "ಯಾಕವ್ವ, ದನಿ ನಿಂತೋಯ್ತು?"